ಕಾವಲು ಇಳಿಯದ ಎಲೆ

ನನ್ನ ಮಗಳು ಅಂಬುಜಾಕ್ಷಿ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಜ್ಯೇಷ್ಠ ಬಹುಳ ತದಿಗೆ, ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಮೇಲೆ. ಅವಳು ತೀರಿಕೊಂಡದ್ದು ಅದರ ಹಿಂದಿನ ದಿನ, ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದ ಒಂದು ಗುಡ್ಡದ ಮೇಲೆ. ಅವಳ ಜೊತೆ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಸಬೀಹಾ ಫೋನು ಮಾಡಿದಳು. ನಾನು ಆಗ ನಮ್ಮ ಹಿತ್ತಲಿನ ತಂಪುಕೋಣೆಯಲ್ಲಿ ಸೊಪ್ಪಿನ ಬುಟ್ಟಿಗಳನ್ನು ಜೋಡಿಸುತ್ತಿದ್ದೆ.

"ಅಪ್ಪಾಜಿ, ಕೂತ್ಕೊಂಡಿದ್ದೀರಾ?" ಎಂದಳು.

"ನಿಂತಿದ್ದೀನಮ್ಮ, ಹೇಳು."

"ಕೂತ್ಕೊಳ್ಳಿ."

ಕುಳಿತೆ. ಆಮೇಲೆ ಹೇಳಿದಳು. ಅಂಬುಜ ಎಲೆಗಳನ್ನು ಅಳೆಯಲು ನಡುಮಧ್ಯಾಹ್ನ ಗುಡ್ಡ ಹತ್ತಿದ್ದಳು. ಆ ಅಳತೆ ನಡುಮಧ್ಯಾಹ್ನದಲ್ಲೇ ಆಗಬೇಕು, ಬೇರೆ ಹೊತ್ತಿನಲ್ಲಿ ಮಾಡಿ ಪ್ರಯೋಜನವಿಲ್ಲ. ಸಂಜೆ ಹುಡುಕಿಕೊಂಡು ಹೋದವರಿಗೆ ಬಂಡೆಯೊಂದಕ್ಕೆ ಒರಗಿ ಕುಳಿತಂತೆ ಸಿಕ್ಕಳು. ಬಿಸಿಲಿಗೆ ಹೃದಯ ನಿಂತಿತ್ತು. ವಯಸ್ಸು ನಲವತ್ತೊಂದು, ಮದುವೆಯಾಗಿರಲಿಲ್ಲ.

ನನ್ನ ಹೆಂಡತಿ ದೇವೀರಮ್ಮ ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಮೊರವನ್ನು ಕೆಳಗಿಟ್ಟಳು. "ಬಾಗಿಲ ಮುಂದಿನ ರಂಗೋಲಿ ಅಳಿಸಿ ಬನ್ನಿ, ನನ್ನ ಕೈಲಾಗಲ್ಲ" ಎಂದಳು.

ನಮ್ಮ ಊರು ಹೊಸಕೆರೆದೊಡ್ಡಿ. ರೇಷ್ಮೆಹುಳು ಸಾಕುವ ಊರು. ಬೇರೆ ಕಡೆಯವರು ಪಟ್ಟಣದ ಕಾರ್ಖಾನೆಗಳಲ್ಲಿ ಹುಳುಗಳಿಗೆ ಹಿಟ್ಟಿನ ಉಂಡೆ ತಿನ್ನಿಸಿ ರೇಷ್ಮೆ ತೆಗೆಯಲು ಕಲಿತು ಹದಿನೈದು ವರ್ಷವಾಗಿದೆ. ನಾವು ಸಾಕುವ ಹಸುರುಗೂಡಿನ ನಾಟಿ ತಳಿ ಆ ಉಂಡೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಹಿಪ್ಪುನೇರಳೆ ಸೊಪ್ಪೇ ಬೇಕು. ಅದರ ಮೊಟ್ಟೆಯನ್ನು ಕಾಪಿಡುವುದೂ ಆಗದು. ಹತ್ತನೆಯ ದಿನಕ್ಕೆ ಮರಿ ಬಂದೇ ಬರುತ್ತದೆ, ಬಂದ ಮರಿಗೆ ಸೊಪ್ಪು ಸಿಗಲೇಬೇಕು. ಒಂದು ಬೆಳೆ ಪೂರ್ತಿ ತಪ್ಪಿದರೆ ತಳಿಯೇ ತಪ್ಪಿದಂತೆ. ನಾನು ಬಿತ್ತನೆ ಕೋಠಿಯಲ್ಲಿ, ಎಂದರೆ ಹುಳುವಿನ ಮೊಟ್ಟೆ ತಯಾರಿಸುವ ಕಡೆ, ಮೂವತ್ತೆಂಟು ವರ್ಷ ಮೇಲ್ವಿಚಾರಕನಾಗಿದ್ದವನು. ನಿವೃತ್ತನಾದ ಮೇಲೆ ಊರಿನ ಸಂಘಕ್ಕಾಗಿ ಈ ತಳಿಯನ್ನು ಕಾಯುವ ಹೊಣೆ ನನ್ನದಾಗಿತ್ತು. ಆ ವರ್ಷ ಎರಡು ಬೆಳೆ ಹೆಚ್ಚುಕಡಿಮೆ ಪೂರ್ತಿ ಸತ್ತುಹೋಗಿದ್ದವು. ಉಳಿದದ್ದು ಚಿಟ್ಟೆಗಳು ಮೂರು ಹಾಳೆಗಳ ಮೇಲಿಟ್ಟ ಮೊಟ್ಟೆಯಿಂದ ಬಂದ ಮರಿಗಳು. ಲೋಕದಲ್ಲಿ ಇನ್ನೆಲ್ಲೂ ಆ ತಳಿ ಇರಲಿಲ್ಲ.

ಸುದ್ದಿ ಬಂದ ದಿನ ಆ ಮರಿಗಳು ಎರಡನೆಯ ಜ್ವರದಲ್ಲಿದ್ದವು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ನಿಲ್ಲುವುದಕ್ಕೆ ನಾವು ಜ್ವರವೆನ್ನುತ್ತೇವೆ. ಮರುದಿನ ಬೆಳಿಗ್ಗೆ ಅವು ಎದ್ದು ಸೊಪ್ಪು ಕೇಳುತ್ತವೆ.

ಆದರೆ ನಮಗೆ ಸೂತಕ ಬಂದಿತ್ತು. ಹುಳುಮನೆಯನ್ನು ನಮ್ಮಲ್ಲಿ ಬಾಣಂತಿಯ ಕೋಣೆಯಂತೆ ಕಾಣುತ್ತಾರೆ. ಸಾವಾದ ಮನೆಯವರು ಹನ್ನೊಂದು ದಿನ ಅದರ ಹೊಸಿಲು ತುಳಿಯುವಂತಿಲ್ಲ. ಆ ಮನೆಯಿಂದ ಒಂದು ಎಲೆಯೂ ಅಲ್ಲಿಗೆ ಹೋಗುವಂತಿಲ್ಲ. ಊರಿನ ಸೊಪ್ಪನ್ನೆಲ್ಲ ತುಂಬಿಡುವ ತಂಪುಕೋಣೆ ಇದ್ದದ್ದು ನಮ್ಮ ಹಿತ್ತಲಿನಲ್ಲಿ.

ಹುಳುಮನೆ ನೋಡಿಕೊಳ್ಳುತ್ತಿದ್ದವಳು ಹೊಂಬಾಳಮ್ಮ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿ ಬಿರುಸು. ಆ ಸಂಜೆ ಬಂದು ನಮ್ಮ ಬೇಲಿಯ ಆಚೆಯೇ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಎತ್ತಿ ಆಡ್ಸಿದ ಕೂಸು ಕಣಣ್ಣಯ್ಯ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಹುಳದ ಯೋಚ್ನೆ ನಿಮಗೆ ಬ್ಯಾಡ. ಸೊಪ್ಪು ನಾನೇ ಕುಯ್ಸಿ ನಮ್ಮನೆ ಕತ್ತಲೆ ಕೋಣೇಲಿ ಮಡಿಕ್ಕತೀನಿ. ಉಳದ್ರೆ ಉಳೀಲಿ" ಎಂದಳು.

"ಅಲ್ಲಿ ಸೆಕೆ ಹೊಂಬಾಳಮ್ಮ. ಸೊಪ್ಪು ಕಾವು ಹಿಡಿಯುತ್ತೆ."

"ನಿಮ್ಮ ಐಸ್‌ಕ್ಯಾಂಡಿ ಡಬ್ಬ ಬರೋಕೆ ಮುಂಚೆ ಎಲ್ಲಿ ಮಡಗ್ತಿದ್ದೊ? ಒದ್ದೆ ಗೋಣಿತಾಟು ಹೊದಿಸ್ತೀನಿ, ಬುಡಿ."



ಇಲ್ಲಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ಮಾಘದಿಂದ ಆಷಾಢದವರೆಗೆ ಆಕಾಶದಲ್ಲಿ ಮೋಡವೇ ನಿಲ್ಲದ ವರ್ಷಗಳು ಆರಂಭವಾಗಿ ಆಗ ಒಂಬತ್ತು ವರ್ಷವಾಗಿತ್ತು. ಜನ ಅದನ್ನು ಬಿಳಿಬಿಸಿಲು ಎಂದು ಕರೆದರು. ನಮ್ಮಲ್ಲಿ ನೀರಿಗೆ ಕೊರತೆಯಿರಲಿಲ್ಲ, ಕಾಲುವೆ ಹರಿಯುತ್ತಿತ್ತು. ಹೆಚ್ಚಾದದ್ದು ಬೆಳಕು. ಬುಡದಲ್ಲಿ ನೀರು ನಿಂತ ಗಿಡವೂ ಮಾಸಿದ ಬೂದಿಯ ಬಣ್ಣಕ್ಕೆ ತಿರುಗಿತು. ಕೊನೆಗೆ ಹಳೆಯ ಹಿಪ್ಪುನೇರಳೆ ಉಳಿದದ್ದು ಹುಣಿಸೆಮರಗಳ ನೆರಳಿನಲ್ಲಿದ್ದ ಒಂದು ಪಟ್ಟಿಯಲ್ಲಿ ಮಾತ್ರ. ಅದು ಎಳೆಯ ಮರಿಗಳ ಮೊದಲ ಹತ್ತು ದಿನಕ್ಕೆ ಸಾಕಾಗುತ್ತಿತ್ತು, ಅಷ್ಟೆ; ಆಮೇಲೆ ಬೇರೆ ಸೊಪ್ಪು ಬೇಕೇ ಬೇಕು.

ಅಂಬುಜ ಗಿಡಗಳ ಶರೀರಶಾಸ್ತ್ರ ಓದಿದವಳು. ಅವಳ ಕೇಂದ್ರ ನಮ್ಮೂರಿಗೆ ಎರಡು ಗಂಟೆಯ ದಾರಿ. ಒಂದು ಸಲ ನನ್ನನ್ನು ಕರೆದುಕೊಂಡು ಹೋಗಿ ತನ್ನ ಬೆಳಕಿನ ಕೋಣೆ ತೋರಿಸಿದಳು. ಗಾಜಿನ ಗೋಡೆಯ ಆಚೆ ಸಾಲು ದೀಪಗಳ ಕೆಳಗೆ ಕುಂಡಗಳಲ್ಲಿ ಹಿಪ್ಪುನೇರಳೆ ಇತ್ತು. ಅವಳು ಗುಂಡಿ ತಿರುಗಿಸಿ ದೀಪಗಳನ್ನು ನಡುಮಧ್ಯಾಹ್ನಕ್ಕೆ ಏರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಎಲೆಗಳು ನಿಧಾನವಾಗಿ ಎದ್ದು ಜೋಡಿಸಿದ ಅಂಗೈಗಳಂತೆ ನೆಟ್ಟಗೆ ನಿಂತವು. ಹಸುರು ಸ್ವಲ್ಪ ಹಳದಿಯ ಕಡೆಗೆ ವಾಲಿತು.

"ಇದೇನು ಕೈಮುಗಿದು ನಿಂತ್ಬಿಡ್ತು?" ಎಂದೆ.

"ನಿಮ್ಮ ಮೊಮ್ಮಕ್ಕಳಲ್ವಾ, ಭಕ್ತಿ ಜಾಸ್ತಿ" ಎಂದಳು. ಆಮೇಲೆ, "ಬಿಸಿಲಿಗೆ ಮುಖ ಕೊಡದೆ ಅಂಚು ಕೊಟ್ಟು ನಿಂತಿದೆ ಅಪ್ಪ. ಇದು ಹೊರಗಿನ ಉಪಾಯ. ದೊಡ್ಡದು ಒಳಗಿದೆ" ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಎಲೆಗೆ ಬೆಳಕು ಅನ್ನವಿದ್ದಂತೆ. ಉಣ್ಣಲಾಗದಷ್ಟು ಬಡಿಸಿದರೆ, ಉಳಿದ ಬೆಳಕಿನ ಶಕ್ತಿ ಎಲೆಯೊಳಗಿನ ಆಮ್ಲಜನಕವನ್ನು ಕೆರಳಿಸಿ ಎಲೆಯನ್ನು ಒಳಗಿನಿಂದ ಸುಡುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಣ ಗುಡ್ಡಗಳಲ್ಲಿ ಬೇಸಗೆಯಿಡೀ ಮಳೆಯಿಲ್ಲ, ಮೋಡವಿಲ್ಲ. ಅಲ್ಲಿನ ಕುರುಚಲು ಗಿಡಗಳು ಇದಕ್ಕೆ ಸಾವಿರಾರು ವರ್ಷಗಳಿಂದ ಒಗ್ಗಿಕೊಂಡಿವೆ. ಕೆಲವು ಎಲೆಯ ಮೇಲೆ ಬಿಳಿ ರೋಮ ಹೊದ್ದು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಕೆಲವು ಎಲೆಯನ್ನು ನೆಟ್ಟಗೆ ನಿಲ್ಲಿಸುತ್ತವೆ. ಕೆಲವು ಅಂಚನ್ನು ಸುರುಳಿ ಸುತ್ತಿಕೊಳ್ಳುತ್ತವೆ. ಚಳಿಗಾಲದ ಅಗಲ ಎಲೆಯನ್ನು ಉದುರಿಸಿ ಬೇಸಗೆಗೆಂದು ಚಿಕ್ಕ ಎಲೆ ಬಿಡುವವೂ ಉಂಟು. ಇವೆಲ್ಲವುಗಳ ಒಳಗೆ ಒಂದು ಹಳದಿ ಬಣ್ಣವಿದೆ. ಬಿಸಿಲು ಏರಿದಾಗ ಅದು ಕೆಲವೇ ನಿಮಿಷಗಳಲ್ಲಿ ತನ್ನ ರೂಪ ಬದಲಿಸಿಕೊಂಡು, ಹೆಚ್ಚಾದ ಬೆಳಕನ್ನು ಬರೀ ಶಾಖವಾಗಿ ಮಾಡಿ ಹೊರಗೆ ಬಿಟ್ಟುಬಿಡುತ್ತದೆ. ಬಿಸಿಲು ಇಳಿದಾಗ ಮೊದಲಿನ ರೂಪಕ್ಕೆ ಮರಳುತ್ತದೆ. ರೂಪ ಬದಲಿಸಿದ ಹಳದಿಯ ಹೆಸರು ಝಿಯಾಕ್ಸಾಂಥಿನ್. ಅಂಬುಜ ಅದನ್ನು ಕಾವಲು ಎಂದು ಕರೆಯುತ್ತಿದ್ದಳು. ಕಾವಲು ಏರಿತು, ಕಾವಲು ಇಳಿಯಿತು ಎನ್ನುವಳು.

"ಇದು ಎಲ್ಲಾ ಎಲೇಲೂ ಇದೆ. ನಮ್ಮ ಹಿಪ್ಪುನೇರಳೇದು ಚೊಂಬಿನಷ್ಟು, ಅವುಗಳದು ಕೊಡದಷ್ಟು. ನಾನು ಚೊಂಬು ತೆಗೆದು ಕೊಡ ಇಟ್ಟಿದೀನಿ" ಎಂದಳು.

"ಹುಳ ತಿಂತವಾ?"

"ಅದೇ ತೊಡಕು. ಆ ಗಿಡಗಳಲ್ಲಿ ಕಾವಲು ಏರಿದಾಗ ಜೊತೆಗೆ ಒಂದು ಕಹಿ ಅಂಟೂ ಏರುತ್ತೆ. ಎರಡನ್ನೂ ಬಿಡಿಸೋಕೆ ನನಗೆ ಆಗ್ಲಿಲ್ಲ. ಆದರೆ ಕಾವಲು ಇಳಿದರೆ ಕಹೀನೂ ಕರಗಿಹೋಗುತ್ತೆ. ಆರು ಗಂಟೆ ಕತ್ತಲೆ ಸಿಕ್ಕಿದರೆ ಸಾಕು."

ನನ್ನೆದುರಿಗೇ ಬೆಳಗಿನ ಎಲೆಯನ್ನು ಹುಳುಗಳ ಮುಂದಿಟ್ಟಳು. ತಿಂದವು. ಮಧ್ಯಾಹ್ನದ ಎಲೆಯನ್ನು ಇಟ್ಟಳು. ತಲೆ ತಿರುಗಿಸಿದವು.

ಆ ಹೊಸ ಹಿಪ್ಪುನೇರಳೆಯನ್ನು ತಂದು ಊರಿನ ಹೊಲಗಳಲ್ಲಿ ನೆಟ್ಟೆವು. ಆದರೆ ಅಲ್ಲಿ ಬೆಳಿಗ್ಗೆ ಸೊಪ್ಪು ಕೊಯ್ಯುವಂತಿರಲಿಲ್ಲ. ಆರೂವರೆಗೇ ಬಿಸಿಲು ಏರಿ ಕಾವಲೂ ಏರುತ್ತಿತ್ತು, ಅಷ್ಟರೊಳಗೆ ಕೊಯ್ದು ಮುಗಿಯುತ್ತಿರಲಿಲ್ಲ. ಆದ್ದರಿಂದ ಸಂಜೆ ಕೊಯ್ದು, ಇರುಳು ಕತ್ತಲೆಯಲ್ಲಿಟ್ಟು, ಬೆಳಿಗ್ಗೆ ತಿನ್ನಿಸುವುದೆಂದು ಗೊತ್ತುಮಾಡಿದೆವು. ಗಿಡದ ಮೇಲಿನ ಕತ್ತಲೆಗೂ ಕೋಣೆಯ ಕತ್ತಲೆಗೂ ವ್ಯತ್ಯಾಸವೇನು ಎಂದು ಅವಳೂ ಒಪ್ಪಿದಳು. ತಂಪುಕೋಣೆ ಆಗಬೇಕೆಂದು ಹಟ ಹಿಡಿದವನು ನಾನು. ಹೊಂಬಾಳಮ್ಮ ಬೇಡವೆಂದಿದ್ದಳು. ಸೊಪ್ಪನ್ನು ಆದಷ್ಟು ತಂಪಾಗಿಡಬೇಕು ಎಂಬುದು ಮೂವತ್ತೆಂಟು ವರ್ಷ ನಾನು ಪ್ರತಿ ರೈತನಿಗೂ ಮಾಡಿದ ಪಾಠ. ಅಂಬುಜ ತೊಟ್ಟಿಲಲ್ಲಿದ್ದಾಗಿನಿಂದ ಅದನ್ನು ಕೇಳಿ ಬೆಳೆದವಳು. ಕೋಣೆಯೊಳಗೆ ಬಂದು, "ಎಂಟು ಡಿಗ್ರಿ. ಚೆನ್ನಾಗಿದೆ ಅಪ್ಪ, ಎಲೆ ಬಾಡೋದೇ ಇಲ್ಲ" ಎಂದು ಮೆಚ್ಚಿದ್ದಳು.

ಮೊದಲ ಬೆಳೆಯ ಹುಳುಗಳು ಹೊಸ ಸೊಪ್ಪಿನ ಮೇಲೆ ಹರಿದಾಡಿದವು, ತಿನ್ನಲಿಲ್ಲ. ನಾಲ್ಕನೆಯ ದಿನ ತಟ್ಟೆಗಳ ಅಂಚಿಗೆ ಬಂದು ಕುಗ್ಗಿ ಸತ್ತವು. ಹಳೆಯ ಪಟ್ಟಿಯ ಅಳಿದುಳಿದ ಸೊಪ್ಪಿನಲ್ಲಿ ಬೇರೆಯಾಗಿ ಸಾಕಿದ ಕೆಲವು ಮಾತ್ರ ಗೂಡು ಕಟ್ಟಿ ಬಿತ್ತನೆಗೆ ಉಳಿದವು. ಅಂಬುಜ ಎಲೆಯ ಮಾದರಿ ಕಳಿಸಲು ಹೇಳಿದಳು. ತಂಪುಕೋಣೆಯಿಂದ ತೆಗೆದು, ಹಾಳಾಗದಿರಲೆಂದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಿದೆ.

"ರಾತ್ರಿಯಿಡೀ ಕತ್ತಲೇಲಿ ಇತ್ತು ತಾನೆ?" ಎಂದು ಫೋನಿನಲ್ಲಿ ಕೇಳಿದಳು.

"ಹದಿಮೂರು ಗಂಟೆ ಇತ್ತು."

"ಹಾಗಿದ್ರೂ ಕಾವಲು ಒಂಚೂರೂ ಇಳಿದಿಲ್ಲ ಅಪ್ಪ."

ಎರಡನೆಯ ಬೆಳೆಯೂ ಹಾಗೇ ಹೋಯಿತು. ತನ್ನ ಕೋಣೆಯ ದೀಪ ಎಷ್ಟಾದರೂ ದೀಪ, ನಿಜವಾದ ಬಿಳಿಬಿಸಿಲು ಕಂಡ ಎಲೆ ತನ್ನ ಕಾವಲನ್ನು ಇನ್ನು ಇಳಿಸುವುದೇ ಇಲ್ಲ ಎಂದು ಅವಳು ತೀರ್ಮಾನಿಸಿದಳು. ತಾನು ಆರಿಸಿದ ಗಿಡವೇ ತಪ್ಪು, ಬೇಗ ಕಾವಲು ಇಳಿಸುವ ಬೇರೆ ಗಿಡ ಬೇಕು ಎಂದು ಹುಡುಕಲು ಎರಡು ತಿಂಗಳ ಮಟ್ಟಿಗೆ ಕ್ರೀಟಿಗೆ ಹೊರಟಳು. ಹೊರಡುವ ಹಿಂದಿನ ದಿನ ಮನೆಗೆ ಬಂದಿದ್ದಳು. ಅವಳ ತಾಯಿ ಉಪ್ಪುಸಾರು, ಮುದ್ದೆ ಮಾಡಿದ್ದಳು. ಉಂಡು ಕೈ ತೊಳೆಯುವಾಗ ಹೇಳಿದಳು: "ಎಂಟು ವರ್ಷ ಮಾಡಿದ್ದು ತಪ್ಪು ಅನ್ನೋದು ಗೊತ್ತಾಗೋಕೆ ನಿಮ್ಮ ಹುಳ ಸಾಯ್ಬೇಕಾಯ್ತು. ನಾನು ಸೋತೆ ಅಪ್ಪ."

"ಸೋಲು ಗೆಲುವು ನಮ್ಮ ಕೈಲಿಲ್ಲಮ್ಮ" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಅವತ್ತು ನನಗೆ ತೋಚಲಿಲ್ಲ.

ಸುದ್ದಿ ಬಂದ ಮೂರನೆಯ ದಿನ ಹಾಲುತುಪ್ಪ. ದೇಹವನ್ನು ಅಲ್ಲೇ ದಹನ ಮಾಡಿಸಿ ಬೂದಿ ಕಳಿಸುವುದಾಗಿ ಕೇಂದ್ರದವರು ತಿಳಿಸಿದ್ದರು. ಆದ್ದರಿಂದ ಮಣ್ಣು ಮಾಡಿದ ಗುಡ್ಡೆಯಿಲ್ಲದೆ, ಅವಳು ಆಡುತ್ತಿದ್ದ ನುಗ್ಗೆಮರದ ಬುಡಕ್ಕೆ ಹಾಲು ತುಪ್ಪ ಬಿಟ್ಟು ಬಂದೆವು. ಮನೆ ಮುಟ್ಟುವ ಹೊತ್ತಿಗೆ ಹೊಂಬಾಳಮ್ಮ ಬೇಲಿಯ ಆಚೆ ಕಾಯುತ್ತಿದ್ದಳು. ಮುಖದಲ್ಲಿ ಏನೋ ಅಂಜಿಕೆಯಿತ್ತು.

"ಈ ಹೊತ್ತಲ್ಲಿ ಹೇಳ್ಬೋದೋ ಇಲ್ವೋ. ಅಣ್ಣಯ್ಯ, ತಿಂತಾ ಅವೆ."

"ಏನು ತಿಂತಾ ಅವೆ?"

"ಇನ್ನೇನು, ಹುಳ. ಮಗಳ ಸೊಪ್ಪೇಯ. ನಿನ್ನೆ ಬೆಳಿಗ್ಗೆ ಜ್ವರದಿಂದ ಎದ್ದೊ, ಹಾಕ್ದೆ. ಸಂಜೆಗೆ ನೋಡ್ತೀನಿ, ಬರೀ ನಾರು. ಇವತ್ತು ನಾಕು ಸಲ ಹಾಕ್ದೆ, ನಾಕು ಸಲಾನೂ ಬಳಕೊಂಡ್ವು."

"ಹಳೇ ಪಟ್ಟಿ ಸೊಪ್ಪು ಬೆರೆಸಿದ್ಯಾ?"

"ಅದು ಜ್ವರಕ್ಕೆ ಹೋಗೋಕೆ ಮುಂಚೇನೇ ಮುಗೀತು. ನಾನೇನು ಕಾಣ್ದವಳಾ? ಹೊಸದೇಯ. ಅದೇ ಸಾಲು, ಅದೇ ಆಳು, ಅದೇ ಹೊತ್ತು. ಮಡಗಿದ್ದು ಮಾತ್ರ ನಮ್ಮನೇಲಿ."

ಸಬೀಹಾ ಸಂಜೆ ನಮ್ಮನ್ನು ನೋಡಲು ಬರುವವಳಿದ್ದಳು. ಎಲೆ ಅಳೆಯುವ ಯಂತ್ರವನ್ನು ತರಲು ಅವಳಿಗೆ ಹೇಳಿದೆ.

ಆ ಯಂತ್ರ ಊದುಬತ್ತಿಯ ಪೆಟ್ಟಿಗೆಯಷ್ಟು ಉದ್ದ. ತುದಿಯಲ್ಲಿ ಎಲೆಯನ್ನು ಕಚ್ಚುವ ಒಂದು ಕ್ಲಿಪ್ಪು. ಎಲೆ ಎಷ್ಟು ಬೆಳಕನ್ನು ಉಣ್ಣದೆ ಶಾಖವಾಗಿ ಚೆಲ್ಲುತ್ತಿದೆ ಎಂಬುದನ್ನು ಅದು ಅಂಕಿಯಲ್ಲಿ ತೋರಿಸುತ್ತದೆ. ಸಬೀಹಾ ದೇವೀರಮ್ಮನ ಪಕ್ಕ ಬಹಳ ಹೊತ್ತು ಕೈ ಹಿಡಿದು ಕುಳಿತಿದ್ದಳು. ಆಮೇಲೆ ಎದ್ದು ಹೊಂಬಾಳಮ್ಮನ ಮನೆಗೆ ಹೋಗಿ, ಅವಳು ಹೊರಗೆ ತಂದುಕೊಟ್ಟ ಎಲೆಗಳನ್ನು ಅಳೆದು ಬಂದಳು. ಭಾನುವಾರ ಸಂಜೆ ಕೊಯ್ಸಿ ನಾನು ಬುಟ್ಟಿಗೆ ತುಂಬಿದ್ದ ಸೊಪ್ಪು ತಂಪುಕೋಣೆಯಲ್ಲಿ ಹಾಗೇ ಇತ್ತು. ಅದನ್ನೂ ಅಳೆದಳು. ಒಂದು ಸಲಕ್ಕೆ ನಂಬದೆ ಹತ್ತು ಎಲೆ ಅಳೆದಳು.

"ಅಪ್ಪಾಜಿ, ಅವರ ಮನೆ ಸೊಪ್ಪಲ್ಲಿ ಕಾವಲು ಪೂರ್ತಿ ಇಳಿದಿದೆ. ಇದರಲ್ಲಿ ಮೂರು ದಿನ ಆದರೂ ಮಧ್ಯಾಹ್ನ ಇದ್ದ ಹಾಗೇ ನಿಂತಿದೆ."

"ಕತ್ತಲೆ ಎರಡು ಕಡೇನೂ ಒಂದೇ ಅಲ್ವೇನಮ್ಮ?"

"ಕತ್ತಲೆ ಒಂದೇ." ಅವಳು ತಂಪುಕೋಣೆಯ ಬಾಗಿಲನ್ನು ನೋಡುತ್ತ ಹೇಳಿದಳು. "ಕತ್ತಲೆ ಆದ ತಕ್ಷಣ ಕಾವಲು ತಾನಾಗಿ ಇಳಿಯಲ್ಲ. ಇಳಿಸೋಕೆ ಎಲೆ ಒಳಗೆ ಒಂದು ಕಿಣ್ವ ಕೆಲಸ ಮಾಡಬೇಕು. ಚಳಿಗೆ ಅದು ಮರಗಟ್ಟಿ ಕೂತುಬಿಡುತ್ತೆ. ನಾವು ಎಲೆ ಕಿತ್ತು, ಬಿಸಿಲಿನ ಭಯ ಇನ್ನೂ ಹೋಗಿರದಾಗಲೇ, ಹಾಗೇ ಹೆಪ್ಪು ಹಾಕಿದ್ದೀವಿ."

"ನೀವಲ್ಲ. ನಾನು."

ಅವಳು ಫೋನು ತೆಗೆದು, ಕ್ರೀಟಿನವರು ಅಂಬುಜಳ ಟಿಪ್ಪಣಿ ಪುಸ್ತಕದ ಹಾಳೆಗಳ ಚಿತ್ರ ಕಳಿಸಿದ್ದಾರೆಂದು ಹೇಳಿ, ಕೊನೆಯ ಹಾಳೆಯನ್ನು ತೋರಿಸಿದಳು. ಅಂಕಿಗಳ ನಡುವೆ ಕನ್ನಡದಲ್ಲಿ ಎರಡು ಸಾಲಿದ್ದವು. 'ಚಳಿಗಾಲದಲ್ಲಿ ಈ ಗಿಡಗಳ ಕಾವಲು ರಾತ್ರಿಯೂ ಇಳಿಯುವುದಿಲ್ಲವಂತೆ. ಬಿಸಿಲು ಕಡಿಮೆ ಇರುವಾಗ ಏಕೆ? ಕೇಳಬೇಕು.'

ಯಾರನ್ನು ಕೇಳಬೇಕೆಂದಿದ್ದಳೋ ತಿಳಿಯದು. ಇನ್ನೊಂದು ವಾರ ಬದುಕಿದ್ದರೆ ಉತ್ತರ ಅವಳಿಗೇ ಸಿಗುತ್ತಿತ್ತು ಎಂದು ಸಬೀಹಾ ಹೇಳಿದಳು. ನನಗೂ ಹಾಗೇ ಅನಿಸಿತು.

ಸಬೀಹಾ ಹೊರಟ ಮೇಲೆ ತಂಪುಕೋಣೆಯ ಯಂತ್ರವನ್ನು ನಿಲ್ಲಿಸಿದೆ. ದೇವೀರಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸೂತಕ ಬರ್ದಿದ್ರೆ ಈ ಬೆಳೆಗೂ ಇಲ್ಲಿಂದಲೇ ಸೊಪ್ಪು ಹೋಗ್ತಿತ್ತು" ಎಂದೆ.

"ಹಂಗೆ ಜೋಡಿಸ್ಬೇಡಿ" ಎಂದಳು. "ಅವಳು ಹೋಗಿದ್ದಕ್ಕೆ ಹುಳ ಉಳಿದ್ವು ಅಂತ ಊರವರು ಹೇಳ್ತಾರೆ, ಹೇಳ್ಲಿ. ನೀವು ನನ್ನ ಮುಂದೆ ಹೇಳ್ಬೇಡಿ. ಅವಳ ಗಿಡ ಸರಿಯಾಗಿತ್ತು, ಅದಕ್ಕೆ ಉಳಿದ್ವು. ಅಷ್ಟು ಹೇಳಿ."

ಐದನೆಯ ದಿನ ಸಂಘದವರು ಬಂದರು. ಹೊಸ ಗಿಡಗಳನ್ನು ಕಿತ್ತುಹಾಕುವ ವಿಚಾರ ಹಿಂದಿನ ತಿಂಗಳೇ ಎದ್ದಿತ್ತು. ಸಾವಿನ ಮನೆಯೆಂದು ಅದನ್ನು ಹೇಗೆ ಎತ್ತುವುದೆಂದು ತಿಳಿಯದೆ ಕುಳಿತಿದ್ದರು. ನಾನೇ ಎತ್ತಿದೆ. ಗಿಡದಲ್ಲಿ ದೋಷವಿಲ್ಲ, ಸತ್ತ ಎರಡು ಬೆಳೆಯೂ ನಾನು ತಂಪುಕೋಣೆಯಲ್ಲಿಟ್ಟ ಸೊಪ್ಪಿನಿಂದ ಸತ್ತವು, ನಾನು ಹೇಳಿಕೊಟ್ಟದ್ದೇ ತಪ್ಪು ಎಂದು ಹೇಳಿದೆ. ಬೇಲಿಯ ಆಚೆಯಿಂದ ಹೊಂಬಾಳಮ್ಮ, "ತಂಪು ತಂಪು ಅಂತ ನಾವೂ ಕುಣಿದ್ವಲ್ಲ, ನಿಮ್ಮೊಬ್ಬರದೇ ಏನಲ್ಲ" ಎಂದಳು. ಅವಳು ಕುಣಿದಿರಲಿಲ್ಲ. ನನಗಾಗಿ ಆಡಿದ ಮಾತು ಅದು.

ಹುಳುಗಳು ಮೂರನೆಯ ಜ್ವರ ಕಳೆದವು. ಒಂಬತ್ತನೆಯ ದಿನ ಬೂದಿ ಬಂತು. ಒಂದು ಚಿಕ್ಕ ಮರದ ಪೆಟ್ಟಿಗೆ. ದೇವೀರಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಶ್ರೀರಂಗಪಟ್ಟಣದವರೆಗೂ ಕುಳಿತಿದ್ದಳು. ಸಂಗಮದಲ್ಲಿ ಬಿಟ್ಟು ಬಂದೆವು. ಹನ್ನೊಂದನೆಯ ದಿನ ತಿಥಿ. ದಾಸಯ್ಯ ಬಂದು ಶಂಖ ಊದಿ ಜಾಗಟೆ ಬಾರಿಸಿದ. ಎಡೆ ಹಾಕಿದೆವು. ಊರಿನವರು ಉಂಡರು. ಮನೆಗೆ ತೀರ್ಥ ಹಾಕಿಸಿ ಸೂತಕ ಕಳೆದೆವು.

ಮರುದಿನ ಬೆಳಿಗ್ಗೆ ಹೊಂಬಾಳಮ್ಮ ಒಳಗೇ ಬಂದು ಕರೆದಳು. ಹುಳುಗಳು ನಾಲ್ಕನೆಯ ಜ್ವರ, ಅಂದರೆ ಕಡೆಯದು, ಕಳೆದು ಏಳುತ್ತಿದ್ದವು. ಇದಾದ ಮೇಲೆ ಏಳೆಂಟು ದಿನ ಹೊಟ್ಟೆತುಂಬ ತಿಂದು ಗೂಡು ಕಟ್ಟುತ್ತವೆ. ನಾನು ಕೈಕಾಲು ತೊಳೆದು ಹೊಸಿಲು ದಾಟಿದೆ. ತಟ್ಟೆಗಳಲ್ಲಿ ಪೊರೆ ಬಿಟ್ಟ ಹುಳುಗಳು ಹೊಸ ಮೈಯಲ್ಲಿ ಸುಕ್ಕುಸುಕ್ಕಾಗಿ ಮಲಗಿದ್ದವು. ಅವಳು ಗೋಣಿತಾಟು ಸರಿಸಿ ಸೊಪ್ಪು ಕೊಟ್ಟಳು. ಎಲೆ ಬೆಚ್ಚಗಿತ್ತು. ಮೂವತ್ತೆಂಟು ವರ್ಷದಲ್ಲಿ ಬೆಚ್ಚಗಿನ ಎಲೆಯನ್ನು ನಾನು ಹುಳುವಿಗೆ ಹಾಕಿರಲಿಲ್ಲ. ಹಾಕಿದೆ.

ಒಂದು ಹುಳು ತಲೆಯೆತ್ತಿತು. ಅಂಚನ್ನು ಹುಡುಕಿ, ಕಚ್ಚಿ, ಮೇಲಿನಿಂದ ಕೆಳಕ್ಕೆ ತಿನ್ನುತ್ತ ಬಂತು. ಆಮೇಲೆ ಎಲ್ಲವೂ ತಿಂದವು. ಹೊಂಬಾಳಮ್ಮ ಹೊರಗೆ ಹೋಗಿ ನಿಂತಳು. ನಾನು ಅಲ್ಲೇ ಕೈಮುಗಿದೆ.

ವೆಂಕಟರಮಣ, ಅಂಬುಜಾಕ್ಷಿ ತಾನು ಸೋತೆನೆಂದುಕೊಂಡೇ ನಿನ್ನ ಬಳಿಗೆ ಬಂದಿದ್ದಾಳೆ. ಅದು ನಿಜವಲ್ಲ. ಅವಳಿಗೆ ತಿಳಿಸುವ ದಾರಿ ನನಗಿಲ್ಲ, ನಿನಗಿದೆ. ತಪ್ಪು ಅವಳ ತಂದೆಯದೆಂದು ಹೇಳು. ಹುಳು ತಿನ್ನುತ್ತಿದೆ ಎಂದು ಹೇಳು. ಬಿಸಿಲಲ್ಲಿ ಬಹಳ ದೂರ ನಡೆದ ಜೀವ, ಅದಕ್ಕೆ ನಿನ್ನ ಪಾದದ ನೆರಳು ಕೊಡು, ಶಾಂತಿ ಕೊಡು.